ಥೋವಾಳ ದೀಪದ ಹೊತ್ತು

ಆ ದೀಪಕ್ಕೆ ಕೊಟ್ಟದ್ದು ಇಪ್ಪತ್ತೈದು ಲಕ್ಷ ಡೋಂಗ್. ಡ್ರ್ಯಾಗನ್ ಹಣ್ಣಿಗೆ ಒಳ್ಳೆಯ ಬೆಲೆ ಇರುವ ಚಳಿಗಾಲದಲ್ಲೂ ನೂರು ಕಿಲೊ ಮಾರಿದರೆ ಬರುವ ದುಡ್ಡು ಅದು. ಮಳೆಗಾಲದ ಬಿದ್ದ ಬೆಲೆಯಲ್ಲಿ ಲೆಕ್ಕ ಹಿಡಿದರೆ ಅರ್ಧ ಗಾಡಿ ಹಣ್ಣು. ಅದರ ಮೇಲೆ ಸೈಗಾನಿಗೆ ಇಬ್ಬರು ಹೋಗಿಬಂದ ಬಸ್ಸಿನ ಚಾರ್ಜು, ಡಾಕ್ಟರ ಫೀಸು, ರಕ್ತ ಪರೀಕ್ಷೆ, ಮಾತ್ರೆ. ಆಸ್ಪತ್ರೆ ಎದುರಿನ ಗಾಡಿಯಲ್ಲಿ ತಿಂದ ಎರಡು ಬಟ್ಟಲು ನೂಡಲ್ಸಿಗೆ ಮಾತ್ರ ಹಿರಿ ಸೊಸೆ ಲುವಾ ತನ್ನ ಕೈಯಿಂದ ಕೊಟ್ಟಿದ್ದಳು. ಉಳಿದದ್ದೆಲ್ಲ ಅತ್ತೆಯ ಡಬ್ಬಿಯಿಂದ ಹೋಗಿತ್ತು. ಅಷ್ಟು ದುಡ್ಡಿಗೆ, ರಾತ್ರಿ ಬೆಳಕು ಕೊಟ್ಟು ಗಿಡಕ್ಕೆ ಹೂ ತರಿಸಲು, ತೋಟಕ್ಕೆ ಒಂದು ಸಾಲು ಪೂರ್ತಿ ಹೊಸ ಬಲ್ಬು ಹಾಕಬಹುದಿತ್ತು ಎಂದು ಅವಳು ಬರುವ ದಾರಿಯಲ್ಲಿ ಬಸ್ಸಿನಲ್ಲೇ ಲೆಕ್ಕ ಹಾಕಿದ್ದಳು.

ಆದರೆ ಅವಳ ಹೊಟ್ಟೆ ಉರಿಸಿದ್ದು ದುಡ್ಡಲ್ಲ. ದಿನಾ ಬೆಳಿಗ್ಗೆಯ ಆ ಒಂದು ಗಂಟೆ.

ಮನೆ ಏಳುವುದು ಕತ್ತಲಿರುವಾಗಲೇ. ಲುವಾ ಹಣೆಗೆ ಟಾರ್ಚು ಕಟ್ಟಿಕೊಂಡು ಗಿಡ ಹಬ್ಬಿಸಿದ ಕಂಬದಿಂದ ಕಂಬಕ್ಕೆ ಹೋಗಿ ಹಣ್ಣು ಕತ್ತರಿಸಬೇಕು, ಕ್ರೇಟಿಗೆ ತುಂಬಬೇಕು, ಮುಳ್ಳಿಗೆ ತರಚಿದ ಕೈಯನ್ನು ಒರೆಸಿಕೊಂಡು ಬಂದು ಗಂಜಿ ಇಡಬೇಕು, ಒಣಮೀನು ಸುಡಬೇಕು, ಮಗಳು ದಿಯೆಪ್‌ಳನ್ನು ಶಾಲೆಗೆ ಎಬ್ಬಿಸಬೇಕು. ಅಷ್ಟರಲ್ಲಿ ಹಣ್ಣಿನ ವ್ಯಾಪಾರಿಯ ಗಾಡಿ ಬಂದು ಹಾರ್ನ್ ಹೊಡೆಯುತ್ತದೆ. ಅವಳ ಗಂಡ ಖಾಂಗ್, ಮೈದುನ ವಿನ್ ಇಬ್ಬರೂ ತೋಟದ ಬಲ್ಬುಗಳನ್ನು ಆರಿಸಿ, ವಯರು ನೋಡಿ, ಮೂಲೆಯ ಅಂಗಡಿಯಲ್ಲಿ ಐಸ್ ಕಾಫಿ ಕುಡಿದು ಬಂದು ಕ್ರೇಟು ಎತ್ತಿ ಗಾಡಿಗೆ ಹಾಕುತ್ತಾರೆ. ಈ ಹೊತ್ತಿನಲ್ಲಿ ಮೈದುನನ ಹೆಂಡತಿ ಥೋವಾ ನಡುಮನೆಯಲ್ಲಿ ಕುರ್ಚಿ ಹಾಕಿಕೊಂಡು, ಕಾಲನ್ನು ಚಿಕ್ಕ ಸ್ಟೂಲಿನ ಮೇಲಿಟ್ಟು, ಮೇಜಿನ ಮೇಲಿನ ಬಿಳಿ ದೀಪದ ಮುಂದೆ ಕೂತಿರುತ್ತಾಳೆ. ಅತ್ತೆ ಬಂದು ಅವಳ ಕೈಗೆ ಗಂಜಿ ಬಟ್ಟಲು ಕೊಡುತ್ತಾರೆ.

ಪಕ್ಕದ ತೋಟದ ಕ್ವಿ ಮಾವ ಮೊದಲ ದಿನವೇ ಬಾಗಿಲಲ್ಲಿ ನಿಂತು ನೋಡಿ ನಕ್ಕಿದ್ದರು. "ತಾಮಕ್ಕ, ಇಷ್ಟು ಬಿಸಿಲಿರೋ ಊರಲ್ಲಿ ದುಡ್ಡು ಕೊಟ್ಟು ಬೆಳಕು ತಗೊಳ್ಳೋದು ಇಬ್ಬರೇ. ಒಂದು ಡ್ರ್ಯಾಗನ್ ಗಿಡ, ಇನ್ನೊಂದು ನಿಮ್ಮ ಕಿರಿ ಸೊಸೆ."

"ಬಿಸಿಲಿಗೆ ಕೂತ್ರೆ ಅವಳಿಗೆ ನೋವು ಇನ್ನೂ ಕೆರಳುತ್ತೆ," ಎಂದು ಅತ್ತೆ ಗದರಿದ್ದರು. "ಇದು ತಂಪು ಬೆಳಕು. ಡಾಕ್ಟರು ಬರೆದುಕೊಟ್ಟಿದ್ದು. ನಿನಗೇನು ಗೊತ್ತು ಹೋಗಯ್ಯ."

ಇದೇ ಅತ್ತೆ ಆರು ವರ್ಷ ಥೋವಾಳನ್ನು ಮೈಗಳ್ಳಿ ಎಂದು ಕರೆದವರು. ಬೆನ್ನು ನೋವು ಅಂದರೆ ಭುಜ, ಭುಜ ಅಂದರೆ ಮಂಡಿ. ಫೋಟೊ ತೆಗೆದರೆ ಎಲುಬು ಸರಿ, ರಕ್ತ ನೋಡಿದರೆ ರಕ್ತ ಸರಿ. ಫಾನ್ ತಿಯೆತ್ ಪೇಟೆಯ ಡಾಕ್ಟರು ವಿಟಮಿನ್ ಕೊಟ್ಟು ಕಳಿಸುತ್ತಿದ್ದರು. ಕೊನೆಗೆ ಸೈಗಾನಿನ ಡಾಕ್ಟರು ಅದಕ್ಕೊಂದು ಹೆಸರು ಹೇಳಿದರು: ಫೈಬ್ರೊಮಯಾಲ್ಜಿಯ, ಪರೀಕ್ಷೆಗೆ ಸಿಗದೆ ಮೈಯೆಲ್ಲ ನೋಯುವ ಕಾಯಿಲೆ. ಹೆಸರು ಸಿಕ್ಕಿದ್ದೇ ತಡ, ಅತ್ತೆ ಆರು ವರ್ಷ ಬೈದದ್ದನ್ನೆಲ್ಲ ಒಂದೇ ತಿಂಗಳಲ್ಲಿ ತೀರಿಸಿಬಿಡುವವರಂತೆ ಕಿರಿ ಸೊಸೆಯ ಹಿಂದೆ ಬಿದ್ದರು. ಸೀಗಡಿ ಸುಲಿದು ಅವಳ ಬಟ್ಟಲಿಗೆ ಹಾಕುವುದು, ಬಿಸಿನೀರಿಗೆ ಶುಂಠಿ ಜಜ್ಜಿ ಕಾಲಿಗೆ ಇಡುವುದು. ಹದಿಮೂರು ವರ್ಷದಿಂದ ಈ ಮನೆಯಲ್ಲಿರುವ ಲುವಾಳಿಗೆ ಅತ್ತೆ ಒಂದು ಸೀಗಡಿಯನ್ನೂ ಸುಲಿದುಕೊಟ್ಟಿರಲಿಲ್ಲ. ಲುವಾ ಕೇಳಿರಲೂ ಇಲ್ಲ, ಅದು ಬೇರೆ ಮಾತು.

ಲುವಾಳಿಗೆ ಮನೆಯಲ್ಲಿದ್ದ ಬೆಲೆ ಬೇರೆ ರೀತಿಯದು. ವ್ಯಾಪಾರಿಯ ಹತ್ತಿರ ಮಾತಾಡುವವಳು ಅವಳು. ಎರಡು ವಾರದ ಹಿಂದೆ ಫೋನಿನಲ್ಲಿ ಹೇಳಿದ ದರವನ್ನು ಅವನು ಮರೆತರೂ ಅವಳು ಮರೆಯುತ್ತಿರಲಿಲ್ಲ. "ಲುವಾ ಕೇಳಿಸಿಕೊಂಡು ಬಂದಳು ಅಂದರೆ ಮುಗೀತು, ಒಂದಕ್ಷರ ಹೆಚ್ಚೂ ಇರಲ್ಲ, ಕಮ್ಮೀನೂ ಇರಲ್ಲ," ಎಂದು ಅತ್ತೆ ಊರೆಲ್ಲ ಹೇಳುತ್ತಿದ್ದರು. ಸೈಗಾನಿಗೆ ಥೋವಾಳ ಜೊತೆ ಅವಳನ್ನು ಕಳಿಸಿದ್ದೂ ಅದಕ್ಕೇ.

ನವೆಂಬರಿನಲ್ಲಿ ಒಂದು ಬೆಳಿಗ್ಗೆ ಗಾಡಿ ಬಂದಾಗ ಕ್ರೇಟುಗಳು ಅರ್ಧವೂ ತುಂಬಿರಲಿಲ್ಲ. ವ್ಯಾಪಾರಿ ಕೈಗಡಿಯಾರ ನೋಡಿ, "ಬಂದರಿನಲ್ಲಿ ಹಡಗಿನ ಹೊತ್ತು ತಪ್ಪುತ್ತೆ ತಾಯಿ," ಎಂದು ದರ ಇಳಿಸಿದ. ಲುವಾ ಜಗಳ ಆಡಿದಳು, ಆದರೆ ತಪ್ಪು ತನ್ನ ಕಡೆ ಇದ್ದಾಗ ಎಷ್ಟು ಆಡುವುದು. ಒಳಗೆ ಬಂದರೆ ಥೋವಾ ದೀಪದ ಮುಂದೆ ಗಂಜಿ ಊದಿಕೊಂಡು ಕುಡಿಯುತ್ತಿದ್ದಳು.

"ಏನಕ್ಕ, ಇವತ್ತು ದರ ಸರಿ ಸಿಗಲಿಲ್ವಾ?" ಎಂದು ಅವಳು ಕೇಳಿದಳು. ಕಾಳಜಿಯಿಂದಲೇ ಕೇಳಿದ್ದು.

"ಸಿಗುತ್ತೆ ಬಿಡು," ಎಂದಳು ಲುವಾ. "ಕೂತ್ಕೊಂಡೇ ಸಿಗೋ ಹಾಗಿದ್ರೆ ನಾನೂ ಕೂರ್ತಿದ್ದೆ."

ಆವತ್ತು ರಾತ್ರಿಯೂಟಕ್ಕೆ ಹುಳಿ ಮೀನುಸಾರು ಮಾಡಿದ್ದಳು. ಎಲ್ಲರೂ ಚಾಪೆಯ ಮೇಲೆ ಕೂತು ಬಟ್ಟಲು ಎತ್ತಿಕೊಂಡ ಮೇಲೆ ಲುವಾ ಮಾತು ತೆಗೆದಳು.

"ಅಮ್ಮಾ, ಬೆಳಿಗ್ಗೆ ನನ್ನೊಬ್ಬಳ ಕೈಲಿ ಆಗ್ತಿಲ್ಲ. ಇವತ್ತು ದರ ಹೋಯ್ತು, ನಾಳೇನೂ ಹೋಗುತ್ತೆ. ಥೋವಾ ಆ ದೀಪದ ಮುಂದೆ ಸಂಜೆ ಕೂರಲಿ. ಕೆಲಸ ಎಲ್ಲ ಮುಗಿದಿರುತ್ತೆ, ಆರಾಮಾಗಿ ಕೂರಬಹುದು."

ಥೋವಾ ಚಾಪ್‌ಸ್ಟಿಕ್ ಇಳಿಸಿದಳು. "ಡಾಕ್ಟರು ಬೆಳಿಗ್ಗೇನೇ ಅಂದಿದ್ರಲ್ಲ."

"ಬೆಳಿಗ್ಗೆ ಏನು, ಸಂಜೆ ಏನು," ಎಂದ ಖಾಂಗ್. ಬೆಳಕಿನ ವಿಷಯ ಬಂದರೆ ಮನೆಯಲ್ಲಿ ಅವನೇ ದೊಡ್ಡವನು. ತೋಟಕ್ಕೆ ಬಲ್ಬು ಕಟ್ಟಿದವನು ಅವನು. "ಹಗಲು ಹೊತ್ತು ಎಷ್ಟು ಬೆಳಕು ಬಿದ್ರೂ ಗಿಡ ಕ್ಯಾರೆ ಅನ್ನಲ್ಲ. ಕತ್ತಲಾದ ಮೇಲೆ ಕೊಟ್ಟು ನೋಡು, ಈ ಕಾಲದಲ್ಲೂ ಮೊಗ್ಗು ಒಡೆಯುತ್ತೆ. ಕೆಲಸ ಮಾಡೋದು ರಾತ್ರಿ ಬೆಳಕು. ನಾನು ಹೇಳ್ತಿರೋದಲ್ಲ, ಇಡೀ ಊರು ಅದರ ಮೇಲೇ ಊಟ ಮಾಡ್ತಿದೆ."

"ಅದು ಗಿಡ ಕಣಣ್ಣ," ಎಂದ ವಿನ್.

"ಗಿಡಕ್ಕೆ ಸುಳ್ಳು ಹೇಳೋಕೆ ಬರಲ್ಲ. ಅದಕ್ಕೇ ಅದನ್ನ ನಂಬಬಹುದು."

"ನಾನು ಫೋನಲ್ಲಿ ನೋಡಿದೆ," ಎಂದ ವಿನ್, ಸ್ವಲ್ಪ ಅಳುಕುತ್ತಾ. "ಒಬ್ಬ ಬೆಳಿಗ್ಗೆ ಅಂತಾನೆ, ಇನ್ನೊಬ್ಬ ಯಾವಾಗಾದ್ರೂ ಸರಿ ಅಂತಾನೆ, ಮತ್ತೊಬ್ಬ ಬಿಳಿ ದೀಪಾನೇ ಅಲ್ಲ, ಹಸಿರು ದೀಪ ಅಂತಾನೆ."

ಅತ್ತೆಗೆ ಫೋನಿನ ಮಾತಿನಲ್ಲಿ ನಂಬಿಕೆ ಇರಲಿಲ್ಲ. ಡಾಕ್ಟರ ಚೀಟಿಯಲ್ಲಿ ದಿನಕ್ಕೆ ಒಂದು ಗಂಟೆ ಎಂದಷ್ಟೇ ಇತ್ತು. ಅವರು ಹಿರಿ ಸೊಸೆಯ ಕಡೆ ತಿರುಗಿದರು.

"ನೀನು ಹೇಳೇ. ಆ ರೂಮಲ್ಲಿ ನೀನಿದ್ದೆ. ಇವಳಂತೂ ಕಾಯಿಲೆ ಹೆಸರು ಕೇಳಿ ಅಳ್ತಾ ಕೂತಿದ್ದಳಂತೆ, ಏನು ಕೇಳಿಸ್ಕೊಂಡಳೋ ಏನೋ. ಡಾಕ್ಟರು ಸಂಜೆ ಬೇಡ ಅಂದ್ರಾ?"

ಥೋವಾ ಅತ್ತದ್ದು ನಿಜ. ಆರು ವರ್ಷದ ಮೇಲೆ ಒಬ್ಬರು, "ಇದು ನಿಮ್ಮ ಕಲ್ಪನೆ ಅಲ್ಲಮ್ಮ," ಅಂದಾಗ ಅವಳು ಮುಖ ಮುಚ್ಚಿಕೊಂಡು ಅತ್ತಿದ್ದಳು. ಆಗ ಡಾಕ್ಟರು ಲುವಾಳ ಕಡೆ ತಿರುಗಿ, "ನೀವು ನೆನಪಿಟ್ಟುಕೊಳ್ಳಿ," ಎಂದಿದ್ದರು. "ಎದ್ದ ಕೂಡಲೇ ಕೂರಿಸಿ. ಸಂಜೆ ಮೇಲೆ ಬೇಡ. ನಿದ್ದೆ ಕೆಡುತ್ತೆ, ನಿದ್ದೆ ಕೆಟ್ಟರೆ ನೋವು ದುಪ್ಪಟ್ಟಾಗುತ್ತೆ." ಲುವಾಳಿಗೆ ಒಂದಕ್ಷರ ಬಿಡದೆ ನೆನಪಿತ್ತು. ಅವರ ಮೇಜಿನ ಮೇಲಿದ್ದ ಟೀ ಲೋಟದ ಬಣ್ಣವೂ ನೆನಪಿತ್ತು.

"ದಿನಾ ಒಂದು ಗಂಟೆ ಅಂದ್ರು," ಎಂದಳು. "ಸಂಜೆ ಬೇಡ ಅಂದದ್ದು ನಂಗೆ ಕೇಳಿಸಿದ ನೆನಪಿಲ್ಲ."

ಥೋವಾ ಅವಳನ್ನೇ ನೋಡಿದಳು. ಲುವಾ ಮೀನಿನ ಮುಳ್ಳು ಬಿಡಿಸುತ್ತಿದ್ದಳು.

"ಮತ್ತೆ ಮುಗೀತು," ಎಂದರು ಅತ್ತೆ. "ನಾಳೆಯಿಂದ ಸಂಜೆ ಕೂರು ಮಗಳೇ. ಬೆಳಿಗ್ಗೆ ಅಕ್ಕನಿಗೆ ಕೈಜೋಡಿಸು. ಆದಷ್ಟು ಮಾಡು, ಭಾರ ಎತ್ತಬೇಡ."

ಮರುದಿನದಿಂದ ಬೆಳಗಿನ ಕೆಲಸಕ್ಕೆ ಇಬ್ಬರಾದರು. ಗಾಡಿ ಬರುವ ಹೊತ್ತಿಗೆ ಕ್ರೇಟು ತುಂಬಿರುತ್ತಿತ್ತು, ದರ ಸರಿಯಾಗಿ ಬರುತ್ತಿತ್ತು. ಲುವಾಳಿಗೆ ಸಮಾಧಾನ ಆಗಬೇಕಿತ್ತು, ಆಗಲಿಲ್ಲ. ಬೆಳಿಗ್ಗೆ ಥೋವಾ ದೀಪದ ಮುಂದೆ ಕೂರುತ್ತಿದ್ದಾಗ ಒಬ್ಬಳೇ ಕೂರುತ್ತಿದ್ದಳು. ಈಗ ಸಂಜೆ ದೀಪ ಹಚ್ಚಿದರೆ ಇಡೀ ಮನೆ ಅದರ ಸುತ್ತ ಬಂದು ಸೇರುತ್ತಿತ್ತು. ವಿನ್ ಹೆಂಡತಿಯ ಪಾದಕ್ಕೆ ಎಣ್ಣೆ ತಿಕ್ಕುತ್ತಾ ಕೂರುತ್ತಿದ್ದ. ಅತ್ತೆ ಅದೇ ಬೆಳಕಿನಲ್ಲಿ ಸೂಜಿಗೆ ದಾರ ಪೋಣಿಸುತ್ತಿದ್ದರು. ತೋಟದಲ್ಲಿ ಸಾಲು ಸಾಲು ಬಲ್ಬು ಹತ್ತಿಕೊಳ್ಳುತ್ತಿದ್ದಂತೆ ಕ್ವಿ ಮಾವ ಕಿಟಕಿಗೆ ಬಂದು, "ಏನು ತಾಮಕ್ಕ, ನಿಮ್ಮ ಸೊಸೆ ಯಾವಾಗ ಹೂ ಬಿಡ್ತಾಳೆ?" ಎಂದು ಕೇಳುತ್ತಿದ್ದರು. ಥೋವಾಳೇ ಮೊದಲು ನಗುತ್ತಿದ್ದಳು.

ಆ ನಗು ಹಿತ್ತಲಿನ ನಲ್ಲಿಯ ಹತ್ತಿರ ಪಾತ್ರೆ ತಿಕ್ಕುತ್ತಿದ್ದ ಲುವಾಳಿಗೆ ಕೇಳುತ್ತಿತ್ತು.

"ದಿಯೆಪ್, ಬಾ ಇಲ್ಲಿ, ಬಟ್ಟಲು ಒರೆಸು," ಎಂದು ಕೂಗಿದರೆ ಮಗಳು ಒಳಗಿಂದಲೇ, "ಹೋಮ್‌ವರ್ಕ್ ಮಾಡ್ತಿದ್ದೀನಮ್ಮ, ಚಿಕ್ಕಮ್ಮನ ದೀಪದ ಹತ್ರ ಚೆನ್ನಾಗಿ ಕಾಣುತ್ತೆ," ಅನ್ನುತ್ತಿದ್ದಳು. ಇಣುಕಿದರೆ ಹುಡುಗಿ ಥೋವಾಳ ತೊಡೆಗೆ ಒರಗಿಕೊಂಡು ಬರೆಯುತ್ತಿರುತ್ತಿದ್ದಳು.

"ಅವಳ ಕಾಲು ನೋಯುತ್ತೆ, ಒರಗಬೇಡ ಅಂತ ಎಷ್ಟು ಸಲ ಹೇಳ್ಲಿ," ಎಂದು ಲುವಾ ಗದರುತ್ತಿದ್ದಳು.

"ಇರಲಿ ಬಿಡಕ್ಕ," ಎನ್ನುತ್ತಿದ್ದಳು ಥೋವಾ. "ಅವಳದೇನು ಭಾರ."

ಲುವಾ ಹಿಂದಕ್ಕೆ ಬಂದು ತಳ ಹಿಡಿದ ಪಾತ್ರೆಯನ್ನು ಕೈ ಸೋಲುವವರೆಗೆ ತಿಕ್ಕುತ್ತಿದ್ದಳು.

ತೋಟದಲ್ಲಿ ಮೊಗ್ಗು ಮೂಡಿತು. ಒಳಗೆ ಥೋವಾ ಸೊರಗತೊಡಗಿದಳು. ಹಾಸಿಗೆಯಲ್ಲಿ ಮಗ್ಗುಲು ಬದಲಿಸುತ್ತಾ ಬೆಳಗು ಮಾಡುತ್ತಾಳೆ ಎಂದು ವಿನ್ ಹೇಳಿದ. ಕಣ್ಣ ಸುತ್ತ ಕಪ್ಪು ಬಂತು. ಹಣ್ಣು ಕತ್ತರಿಸುವ ಕತ್ತರಿ ಕೈಯಿಂದ ಜಾರತೊಡಗಿತು. ಒಂದು ದಿನ ತುಂಬಿದ ಕ್ರೇಟನ್ನು ಎಳೆಯಲು ಹೋಗಿ ಬೀಳಿಸಿದಳು. ಹಣ್ಣಿನ ಸಿಪ್ಪೆಯ ಮೇಲಿನ ಹಸಿರು ರೆಕ್ಕೆಗಳು ಮುರಿದು, ಅಷ್ಟೂ ಎರಡನೇ ದರ್ಜೆಗೆ ಹೋಯಿತು. ಕ್ರಿಸ್‌ಮಸ್ ಹೊತ್ತಿಗೆ ಅವಳು ಚಾಪ್‌ಸ್ಟಿಕ್ ಹಿಡಿಯಲಾರದೆ ಮಗುವಿನ ಹಾಗೆ ಚಮಚದಲ್ಲಿ ಅನ್ನ ತಿನ್ನುತ್ತಿದ್ದಳು.

ಅತ್ತೆ ಸೀಗಡಿ ಸುಲಿಯುವುದನ್ನು ನಿಲ್ಲಿಸಿದರು.

"ಇಷ್ಟು ದಿನ ದೀಪದ ಮುಂದೆ ಕೂತದ್ದಾಯ್ತು," ಎಂದರು ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ, ಥೋವಾಳ ಎದುರಿಗೇ. "ಹಿಂದಿಗಿಂತ ಕಡೆ ಆಗಿದೆ. ಕಾಯಿಲೆಗೆ ಹೆಸರಿಟ್ಟವರಿಗೆ ದುಡ್ಡು ಬಂತು, ದೀಪ ಮಾರಿದವರಿಗೆ ದುಡ್ಡು ಬಂತು. ಪೇಟೆಯಲ್ಲಿ ಉಗುರಿಗೆ ಬಣ್ಣ ಹಾಕೋ ಅಂಗಡಿಯವಳು ಅರ್ಧ ಬೆಲೆಗೆ ತಗೋತೀನಿ ಅಂದಿದ್ದಾಳೆ. ಹೊಸ ವರ್ಷದ ಟೆಟ್ ಹಬ್ಬಕ್ಕೆ ಮುಂಚೆ ಕೊಟ್ಟುಬಿಡೋಣ."

"ಕೊಡಿ," ಎಂದ ವಿನ್. "ದೀಪ ಕೊಡಿ, ನಾನು ಇವಳನ್ನ ಅವಳಮ್ಮನ ಮನೆಗೆ ಬಿಟ್ಟುಬರ್ತೀನಿ. ಇಲ್ಲಿದ್ದರೆ ಮತ್ತೆ ಮೈಗಳ್ಳಿ ಅಂತ ಶುರುವಾಗುತ್ತೆ, ನಂಗೊತ್ತಿಲ್ವಾ."

"ನಾನು ಆ ಮಾತು ಅಂದ್ನಾ?"

"ಅನ್ನೋಕೆ ಬಾಯಿ ತೆಗೆದಿದ್ದೀರಲ್ಲ."

"ತಾಯಿಗೆ ಎದುರು ಮಾತಾಡ್ಬೇಡ," ಎಂದ ಖಾಂಗ್. ವಿನ್ ಬಟ್ಟಲು ಬಿಟ್ಟು ಎದ್ದುಹೋದ.

ಮಾರನೆಯ ಬೆಳಿಗ್ಗೆ ಇಬ್ಬರು ಸೊಸೆಯರೂ ಮೊಗ್ಗು ಕಿತ್ತು ತೆಳುಮಾಡುತ್ತಿದ್ದರು. ಒಂದು ಕೊಂಬೆಗೆ ಒಂದೋ ಎರಡೋ ಬಿಟ್ಟು ಉಳಿದದ್ದನ್ನು ಚಿವುಟಿ ಬುಟ್ಟಿಗೆ ಹಾಕಬೇಕು, ಸಾರಿಗೆ ಆಗುತ್ತದೆ. ಥೋವಾ ಎರಡು ಕೈಯನ್ನೂ ಸೇರಿಸಿ ಒಂದೊಂದು ಮೊಗ್ಗು ಮುರಿಯುತ್ತಿದ್ದಳು.

"ಅಕ್ಕ, ಒಂದು ಕೇಳ್ಲಾ?"

"ಕೇಳು."

"ಅತ್ತೆಗೆ ಹೇಳೋದೇನೂ ಬೇಡ. ನಾನು ಹೋಗ್ತೀನಿ ಅಂತ ತೀರ್ಮಾನ ಆಗಿದೆ. ನನಗೋಸ್ಕರ ಮಾತ್ರ ಹೇಳು. ಡಾಕ್ಟರು ಸಂಜೆ ಬೇಡ ಅಂದ್ರಾ, ಇಲ್ವಾ?"

ಲುವಾ ಮೊಗ್ಗು ಚಿವುಟುತ್ತಲೇ ಇದ್ದಳು. ಬಿಡಬೇಕಾದದ್ದನ್ನೂ ಚಿವುಟಿಬಿಟ್ಟಳು.

"ಯಾಕೆ ಕೇಳ್ತಿದ್ದೀನಿ ಅಂದ್ರೆ," ಎಂದಳು ಥೋವಾ, "ಆರು ವರ್ಷ ಎಲ್ರೂ ನನ್ನ ನೋವು ಸುಳ್ಳು ಅಂದ್ರು. ನಾನೂ ಅರ್ಧ ನಂಬಿದ್ದೆ. ಡಾಕ್ಟರು ನಿಜ ಅಂದಾಗ ಉಸಿರು ಬಂತು. ಈಗ ನಾನು ಕಿವಿಯಾರೆ ಕೇಳಿದ್ದೂ ಸುಳ್ಳು ಅಂತಾದ್ರೆ ನನ್ನ ತಲೇನೇ ಕೆಟ್ಟಿದೆ ಅಂತ ಅರ್ಥ ಅಲ್ವಾ ಅಕ್ಕ. ಹುಚ್ಚು ಹಿಡಿದಿದೆಯೋ ಇಲ್ವೋ ಅಷ್ಟು ತಿಳ್ಕೊಂಡು ಹೋಗ್ತೀನಿ."

ಬೈದಿದ್ದರೆ ಲುವಾಳಿಗೆ ಉತ್ತರ ಇತ್ತು. ಬೈಗುಳಕ್ಕೆ ಹದಿಮೂರು ವರ್ಷದ ಉತ್ತರಗಳನ್ನು ಅವಳು ಕೂಡಿಟ್ಟುಕೊಂಡಿದ್ದಳು.

"ಅಂದ್ರು," ಎಂದಳು. "ಸಂಜೆ ಬೇಡ, ನಿದ್ದೆ ಕೆಡುತ್ತೆ, ನೋವು ದುಪ್ಪಟ್ಟಾಗುತ್ತೆ ಅಂದ್ರು. ನನ್ನ ಮುಖ ನೋಡೇ ಹೇಳಿದ್ರು."

ಥೋವಾ ತಲೆ ಆಡಿಸಿದಳು. ಕಂಬಕ್ಕೆ ಒರಗಿ ನೆಲದ ಮೇಲೆ ಕೂತಳು. ಅಳಲಿಲ್ಲ. "ಸರಿ," ಎಂದಳು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ, "ಸರಿ ಹಾಗಾದ್ರೆ," ಎಂದು ಎದ್ದು, ಬುಟ್ಟಿಯನ್ನು ಕಾಲಿನಲ್ಲಿ ತಳ್ಳಿಕೊಂಡು ಮುಂದಿನ ಕಂಬಕ್ಕೆ ಹೋದಳು.

ಮಧ್ಯಾಹ್ನದ ಊಟಕ್ಕೆ ಆ ಮೊಗ್ಗುಗಳನ್ನೇ ಸೀಗಡಿ ಹಾಕಿ ಸಾರು ಮಾಡಿದ್ದಳು ಲುವಾ. ಎಲ್ಲರಿಗೂ ಬಡಿಸಿ, ತನ್ನ ಬಟ್ಟಲನ್ನು ಖಾಲಿ ಇಟ್ಟುಕೊಂಡು ಕೂತಳು.

"ದೀಪ ಮಾರಬೇಡಿ ಅಮ್ಮಾ," ಎಂದಳು. "ದೀಪದ್ದು ತಪ್ಪಿಲ್ಲ. ಡಾಕ್ಟರು ಸಂಜೆ ಬೇಡ ಅಂತ ನನಗೇ ಹೇಳಿದ್ರು. ನಾನು ಕೇಳಿಸ್ಕೊಂಡೆ. ಕೇಳಿಸಿಲ್ಲ ಅಂತ ನಿಮಗೆ ಸುಳ್ಳು ಹೇಳಿದೆ."

ಖಾಂಗ್ ಅಗಿಯುವುದನ್ನು ನಿಲ್ಲಿಸಿದ. "ಏನು ಮಾತಾಡ್ತಿದ್ದೀಯ ನೀನು? ನಾನು ಗಿಡದ ಕಥೆಯೆಲ್ಲ ಹೇಳ್ತಾ ಕೂತಿದ್ದೆ, ಸುಮ್ನೆ ಕೇಳ್ತಿದ್ದೆಯಲ್ಲೇ."

"ಕೇಳ್ತಿದ್ದೆ."

ಅತ್ತೆ ಬಟ್ಟಲು ಕೆಳಗಿಟ್ಟರು. "ಯಾಕೆ?"

"ಹೊಟ್ಟೆಕಿಚ್ಚು."

"ಯಾತರ ಮೇಲೆ? ಅವಳ ನೋವಿನ ಮೇಲಾ?"

"ಅವಳು ಕೂತಿರ್ತಾಳಲ್ಲ, ಅದರ ಮೇಲೆ. ನೀವು ಗಂಜಿ ತಂದುಕೊಡೋದರ ಮೇಲೆ."

ಅತ್ತೆ ಅವಳ ಕಡೆ ತಿರುಗಿ ಕೂತರು. "ಅಲ್ವೇ," ಎಂದರು, "ನನ್ನ ಮಕ್ಕಳಿಬ್ಬರೂ ದಿನಾ ಬೆಳಿಗ್ಗೆ ಅದೇ ಹೊತ್ತಲ್ಲಿ ಕಾಫಿ ಅಂಗಡೀಲಿ ಕಾಲು ಚಾಚಿ ಕೂತಿರ್ತಾರೆ. ಇಷ್ಟು ವರ್ಷದಿಂದ ಕೂತಿದ್ದಾರೆ. ಅವರ ಮೇಲೆ ಯಾವತ್ತೂ ಬರಲಿಲ್ವಲ್ಲ ನಿನ್ನ ಹೊಟ್ಟೆಕಿಚ್ಚು?"

ಲುವಾ ಬಾಯಿ ತೆರೆದಳು. "ಅದು ನಂಗೆ ಹೊಳೀಲೇ ಇಲ್ಲ," ಎಂದಳು. ನಿಜವಾಗಿಯೂ ಹೊಳೆದಿರಲಿಲ್ಲ.

"ನಮ್ಮನ್ನ ಯಾಕೆ ಎಳೀತೀರಿ," ಎಂದ ಖಾಂಗ್.

"ನೀನು ಸುಮ್ನಿರು. ರಾತ್ರಿ ಬೆಳಕು ಅಂತ ದೊಡ್ಡದಾಗಿ ಮಾತಾಡಿದ್ದೆ. ನಾನೂ ಬುದ್ಧಿ ಇಲ್ದೆ ಮನುಷ್ಯರನ್ನ ಕಂಬಕ್ಕೆ ಕಟ್ಟಿದ ಗಿಡ ಅಂದ್ಕೊಂಡೆ. ನಾಳೆಯಿಂದ ನೀವಿಬ್ಬರೂ ಹಣ್ಣು ಕತ್ತರಿಸಿ ಆಮೇಲೆ ಕಾಫಿಗೆ ಹೋಗಿ. ಕಾಫಿ ಆರಲ್ಲ, ಅದರಲ್ಲಿ ಹೇಗಿದ್ರೂ ಐಸ್ ಹಾಕ್ತಾರೆ." ಆಮೇಲೆ ಥೋವಾಳ ಕಡೆ ತಿರುಗಿ, "ನೀನು ಬೆಳಿಗ್ಗೆ ಕೂರು," ಎಂದರು. ಕ್ಷಮಿಸು ಎಂದು ಹೇಳುವ ಅಭ್ಯಾಸ ಅವರಿಗಿರಲಿಲ್ಲ. ಒಂದು ಸೀಗಡಿ ಸುಲಿದು ಅವಳ ಬಟ್ಟಲಿಗೆ ಹಾಕಿದರು.

ವಿನ್ ಅತ್ತಿಗೆಯ ಮುಖ ನೋಡಲಿಲ್ಲ. ಥೋವಾ ಅವಳ ಪರವಾಗಿ ಒಂದು ಮಾತೂ ಆಡಲಿಲ್ಲ. ಆಡುತ್ತಾಳೆ ಎಂದು ಲುವಾ ಒಳಗೊಳಗೇ ಕಾದಿದ್ದಳು. ಅದು ಅವಳಿಗೆ ಆಮೇಲೆ ಗೊತ್ತಾಯಿತು.

ಟೆಟ್ ಹತ್ತಿರ ಬಂದು ಹಣ್ಣು ಕೆಂಪಾದಾಗ ವ್ಯಾಪಾರಿ ಫೋನು ಮಾಡಿದ. ಲುವಾಳೇ ಎತ್ತಿಕೊಂಡಳು. ದರ ಮಾತಾಡಿ ಬಂದು ಅತ್ತೆಗೆ ಹೇಳಿದಳು. ಅತ್ತೆ ಹೂಂ ಅಂದರು. ಅವಳು ಅಡುಗೆಮನೆಗೆ ಹೋದ ಮೇಲೆ ಅವರು ವಿನ್‌ನನ್ನು ಕರೆದು, "ಅವನಿಗೆ ಇನ್ನೊಂದು ಸಲ ಮಾಡಿ ದರ ಎಷ್ಟು ಅಂತ ಕೇಳಪ್ಪ," ಅಂದದ್ದು ಅವಳಿಗೆ ಕೇಳಿಸಿತು. ದರ ಅಷ್ಟೇ ಇತ್ತು. ಮುಂದಿನ ಸಲ ಅತ್ತೆ ವಿನ್‌ಗೇ ಫೋನು ಕೊಟ್ಟರು. ಅವನಿಗೆ ಚೌಕಾಸಿ ಬರುವುದಿಲ್ಲ, ಕಿಲೊಗೆ ಸಾವಿರ ಕಡಿಮೆಗೇ ಒಪ್ಪಿಕೊಂಡ. ಆದರೂ ಅತ್ತೆ ಅದರ ಮುಂದಿನ ಸಲವೂ ಫೋನನ್ನು ಅವನಿಗೇ ಕೊಟ್ಟರು.

ಥೋವಾಳ ನೋವು ಪೂರ್ತಿ ಹೋಗಲಿಲ್ಲ. ಹೋಗುತ್ತದೆ ಎಂದು ಡಾಕ್ಟರೂ ಹೇಳಿರಲಿಲ್ಲ. ನಿದ್ದೆ ಮೊದಲು ಬಂತು. ಆಮೇಲೆ ಕೈ ಸ್ವಲ್ಪ ಸಡಿಲವಾಗಿ ಚಾಪ್‌ಸ್ಟಿಕ್ ಹಿಡಿಯುವಂತಾಯಿತು. ಹಬ್ಬಕ್ಕೆ ಬಾಳೆ ಎಲೆಯಲ್ಲಿ ಅಕ್ಕಿ ಕಡುಬು ಕಟ್ಟುವಾಗ ಅವಳು ದಾರ ಬಿಗಿದು ಗಂಟು ಹಾಕಿದಳು. ಒಳ್ಳೆಯ ದಿನಗಳೂ ಕೆಟ್ಟ ದಿನಗಳೂ ಬರುತ್ತಿದ್ದವು, ಒಳ್ಳೆಯವು ಹೆಚ್ಚಾದವು. ಕೈಲಾದ ದಿನ ಸಂಜೆ ಅವಳೇ ಬಂದು ನಲ್ಲಿಯ ಹತ್ತಿರ ಕೂತು ಬಟ್ಟಲು ತೊಳೆಯುತ್ತಿದ್ದಳು.

"ಇವತ್ತು ಹೇಗಿದೆ ನೋವು?" ಎಂದು ಲುವಾ ಒಂದು ಸಂಜೆ ಕೇಳಿದಳು.

"ಇದೆ ಅಕ್ಕ," ಎಂದಳು ಥೋವಾ.

ಮೊದಲಾಗಿದ್ದರೆ ಭುಜದಲ್ಲಿ ಎಷ್ಟು, ಮಂಡಿಯಲ್ಲಿ ಎಷ್ಟು, ಸುಡುವಂಥದ್ದೋ ಹಿಂಡುವಂಥದ್ದೋ ಎಂದು ಕೇಳದೆಯೇ ಹೇಳುತ್ತಿದ್ದಳು. ಆಗೆಲ್ಲ ಲುವಾಳಿಗೆ ಅದನ್ನು ಕೇಳಿ ಕೇಳಿ ಬೇಸರ ಬಂದಿತ್ತು.

ಬೆಳಿಗ್ಗೆ ನಡುಮನೆಯನ್ನು ದಾಟುವಾಗ ದೀಪದ ಮುಂದೆ ಕೂತವಳನ್ನು ಕಂಡರೆ ಲುವಾಳ ಎದೆಯಲ್ಲಿ ಈಗಲೂ ಒಂದಿಷ್ಟು ಕಿಚ್ಚು ಏಳುತ್ತದೆ. ಏಳಲಿ ಎಂದು ಬಿಟ್ಟು, ಒಲೆಯ ಮೇಲಿನ ಗಂಜಿ ಕದಡಲು ಹೋಗುತ್ತಾಳೆ.

ಆ ಚಳಿಗಾಲದಲ್ಲಿ ಮನೆಗೆ ದಕ್ಕಿದ್ದು ಥೋವಾಳ ನಿದ್ದೆ, ಅವಳ ಕೈಯ ಅರ್ಧ ಬಲ, ಬೆಳಗಿನ ಕೆಲಸಕ್ಕೆ ಇಬ್ಬರು ಗಂಡಸರು. ಹೋದದ್ದು ಕಿಲೊಗೆ ಸಾವಿರ ಡೋಂಗ್, ಮತ್ತೆ ಲುವಾಳ ಮಾತಿಗೆ ಆ ಮನೆಯಲ್ಲಿದ್ದ ನಂಬಿಕೆ.